ಮುದ್ರೆಗಿಂತ ಕುಂಚವನ್ನು ನಂಬಿ

ಹೈದರಾಬಾದಿನ ಕುಷಾಯಿಗೂಡದ ನಮ್ಮ ಮನೆಗೆ ಬಂದವರ ಕೈಗೆ ಕಪಾಟಿನ ಹಳೆಯ ಕಪ್ಪು-ಬಶಿ ಕೊಟ್ಟರೆ ಮೊದಲು ಬೋರಲು ಹಾಕಿ ತಳದ ಮುದ್ರೆ ನೋಡುತ್ತಾರೆ. ನಾನು ಅದನ್ನು ಕೊನೆಗೆ ನೋಡುವವಳು. ಜರ್ಮನಿಯ ಮೈಸೆನ್ ಕಾರ್ಖಾನೆ 1710ರಲ್ಲಿ ಶುರುವಾಯಿತು. ನೀಲಿ ಬಣ್ಣದ ಎರಡು ಅಡ್ಡಕತ್ತಿ ಅದರ ಗುರುತು. ಆ ಕತ್ತಿಗಳನ್ನು ಕದ್ದಷ್ಟು ಬೇರೆ ಗುರುತನ್ನು ಯಾರೂ ಕದ್ದಿರಲಿಕ್ಕಿಲ್ಲ!

ಮೊದಲು ಬೆಳಕಿಗೆ ಹಿಡಿಯಿರಿ. ಇರಾನಿ ಹೋಟೆಲಿನ ದಪ್ಪ ಕಪ್ಪಿನ ಆಚೆ ಬೆರಳಿಟ್ಟರೆ ಏನೂ ಕಾಣದು. ಒಳ್ಳೆಯ ಪಿಂಗಾಣಿಯಲ್ಲಿ ಬೆರಳಿನ ನೆರಳು ಮೂಡುತ್ತದೆ. ಆಮೇಲೆ ಭೂತಗನ್ನಡಿ. ನನ್ನಲ್ಲಿರುವ ಒಂದು ಕಪ್ಪಿನ ಮೇಲೆ ಗುಲಾಬಿ ಗೊಂಚಲಿದೆ. ಎಸಳಿನ ಅಂಚಿನಲ್ಲಿ ಬಣ್ಣ ದಪ್ಪ, ಒಳಗೆ ಬಂದಂತೆ ತೆಳು, ಕುಂಚ ಎತ್ತಿದಲ್ಲಿ ಸಣ್ಣ ಬಾಲ. ಒಂದು ಎಲೆಯಂತೆ ಇನ್ನೊಂದಿಲ್ಲ. ಅಚ್ಚು ಹಾಕಿದ ಹೂವಾದರೆ ಪತ್ರಿಕೆಯ ಫೋಟೋದಂತೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು. ಗೆರೆಯನ್ನು ಅಚ್ಚೊತ್ತಿ ನಡುವೆ ಮಾತ್ರ ಬಣ್ಣ ತುಂಬಿದವೂ ಇವೆ. ಅವನ್ನೂ ಕೈಚಿತ್ರವೆಂದೇ ಮಾರುತ್ತಾರೆ, ಹುಷಾರು.

ಈ ಬಣ್ಣ ಕೂರುವುದು ಮೆರುಗಿನ ಮೇಲೆ. ಸುಮಾರು 1,400 ಡಿಗ್ರಿಯಲ್ಲಿ ಸುಟ್ಟು ಮೆರುಗು ಬಂದ ಕಪ್ಪಿಗೆ ಚಿತ್ರ ಬರೆದು, ಕಡಿಮೆ ಶಾಖದಲ್ಲಿ ಮತ್ತೆ ಮತ್ತೆ ಸುಡುತ್ತಾರೆ. ಚಿನ್ನದ ಅಂಚು ಕೊನೆಯದು. ಸವೆಯುವುದರಲ್ಲಿ ಮಾತ್ರ ಅದೇ ಮೊದಲು. ಹಿಡಿಯ ಬಳಿ ಚಿನ್ನ ಮಾಸಿದ್ದರೆ ನನಗಂತೂ ನಂಬಿಕೆ ಹೆಚ್ಚು.

'ನಿಜಾಮರ ಕಾಲದ್ದು, ಅಮ್ಮಾ' ಎಂದು ಹಳೇ ಸಾಮಾನಿನ ಅಂಗಡಿಯವರು ಎಲ್ಲಕ್ಕೂ ಹೇಳುತ್ತಾರೆ. ತಳದಲ್ಲಿ 'ಇಂಗ್ಲೆಂಡ್' ಎಂದಿದ್ದರೆ ಅದು ಸಾಮಾನ್ಯವಾಗಿ 1891ರ ಈಚಿನದು. ಆಮದು ಸರಕಿನ ಮೇಲೆ ದೇಶದ ಹೆಸರಿರಬೇಕೆಂಬ ಅಮೆರಿಕದ ಕಾನೂನು ಜಾರಿಗೆ ಬಂದದ್ದು ಆಗ.

ನಮ್ಮ ಕಡೆಗೂ ಈ ಪಿಂಗಾಣಿಯ ನಂಟು ಹಳೆಯದು. ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳನ್ನು 1788ರ ಆಗಸ್ಟ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಬರಮಾಡಿಕೊಂಡ ಫ್ರಾನ್ಸಿನ ದೊರೆ ಹದಿನಾರನೇ ಲೂಯಿ, ಸೆವ್ರ್ ಕಾರ್ಖಾನೆಯ ಪಿಂಗಾಣಿಯನ್ನು ಉಡುಗೊರೆಯಾಗಿ ಕೊಟ್ಟ. ಟಿಪ್ಪುವಿಗೆ ಬೇಕಿದ್ದದ್ದು ಬರೀ ಪಾತ್ರೆಯಲ್ಲ. ಫ್ರಾನ್ಸಿನಿಂದ ಆತ ಕೇಳಿದ ಕುಶಲಕರ್ಮಿಗಳಲ್ಲಿ ಪಿಂಗಾಣಿ ಮಾಡುವವರೂ ಇದ್ದರು. ಸಂಗ್ರಹಕಾರರಿಗೆಲ್ಲ ಇಲ್ಲದ ಬುದ್ಧಿ ಅದು.

ಹೈದರಾಬಾದಿನಲ್ಲಿ ಸಂಗ್ರಹಕ್ಕೆ ಹೆಸರಾದವರು ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್. 1949ರಲ್ಲಿ ಅವರು ತೀರಿಕೊಂಡ ಮೇಲೆ, 1951ರಲ್ಲಿ ಅವರ ಅರಮನೆ ದಿವಾನ್ ದೇವ್ಡಿಯೇ ಮ್ಯೂಸಿಯಂ ಆಯಿತು. 1968ರಲ್ಲಿ ಅದು ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಮೈಸೆನ್, ಸೆವ್ರ್ ಎರಡನ್ನೂ ಅಲ್ಲಿ ನೋಡಬಹುದು. ಕೊಳ್ಳುವ ಮೊದಲು ಅಲ್ಲಿ ಕಣ್ಣು ಪಳಗಿಸಿಕೊಳ್ಳಿ.

ಕೊಂಡ ಕಪ್ಪಿನಲ್ಲಿ ಚಹಾ ಮಾತ್ರ ಕುಡಿಯಬೇಡಿ, ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತದೆ. ಮತ್ತೆ, ಮ್ಯೂಸಿಯಂಗೆ ಶುಕ್ರವಾರ ರಜೆ.