ದಿಂಡಿಗಲ್‌ನ ಹುಡುಗನಿಗೆ ಸಿಕ್ಕ ಪ್ರಶ್ನೆ

ದಿಂಡಿಗಲ್‌ನ ಒಂದು ಮನೆ, 1891ರ ಆಸುಪಾಸು. ಮನೆಯವರೆಲ್ಲ ಸಮಾರಂಭವೊಂದನ್ನು ಮುಗಿಸಿ, ಹಾಗೆಯೇ ದೇವಸ್ಥಾನಕ್ಕೂ ಹೋಗಿ ರಾತ್ರಿ ಹಿಂದಿರುಗಿದರೆ ಬಾಗಿಲು, ಕಿಟಕಿ ಎಲ್ಲ ಒಳಗಿನಿಂದ ಭದ್ರ. ಕಾವಲಿಗೆಂದು ಬಿಟ್ಟುಹೋಗಿದ್ದ ಹನ್ನೊಂದರ ಹುಡುಗ ಓದುತ್ತ ಕೂತವನು ಮಲಗಿಬಿಟ್ಟಿದ್ದ. ಕೂಗಿದರು, ಬಾಗಿಲು ಬಡಿದರು, ಏಳಲಿಲ್ಲ. ಕೊನೆಗೆ ಎದುರು ಮನೆಯಿಂದ ಬೀಗದ ಕೈ ತಂದು ಒಳಹೊಕ್ಕರು. ಮನೆಯ ಹುಡುಗರೆಲ್ಲ ಸೇರಿ ಮನಸ್ಸು ತುಂಬುವಷ್ಟು ಗುದ್ದಿದರು, ದೊಡ್ಡವರೂ ಕೈ ಸೇರಿಸಿದರು. ಆದರೂ ಎಚ್ಚರವಿಲ್ಲ. ತನಗೆ ಇಷ್ಟೆಲ್ಲ ಏಟು ಬಿದ್ದಿದೆ ಎಂಬುದು ಅವನಿಗೆ ತಿಳಿದದ್ದು ಮಾರನೆಯ ಬೆಳಿಗ್ಗೆ, ಅವರು ಹೇಳಿದ ಮೇಲೆ.

ಹುಡುಗನ ಹೆಸರು ವೆಂಕಟರಾಮನ್. 1879ರ ಡಿಸೆಂಬರ್ 30ರಂದು ತಿರುಚ್ಚುಳಿಯಲ್ಲಿ ಹುಟ್ಟಿದವನು. ತಂದೆ ಸುಂದರಂ ಅಯ್ಯರ್ ಅಲ್ಲಿ ವಕೀಲಿ ಮಾಡುತ್ತಿದ್ದರು. ಊರಿನ ಶಾಲೆ ಮುಗಿಸಿ ಒಂದು ವರ್ಷ ದಿಂಡಿಗಲ್‌ನಲ್ಲಿ ಓದಿದ. 1892ರಲ್ಲಿ ತಂದೆ ತೀರಿಕೊಂಡರು, ಮನೆ ಚದುರಿತು. ಅಣ್ಣನ ಜೊತೆ ಮಧುರೈಗೆ, ಚಿಕ್ಕಪ್ಪ ಸುಬ್ಬಯ್ಯರ್ ಮನೆಗೆ ಬಂದ. ಮುಂದೆ ಲೋಕ ಇವನನ್ನು ರಮಣ ಮಹರ್ಷಿ ಎಂದು ಕರೆಯಿತು. ಆ ಹೆಸರು ಕೊಟ್ಟವರು ಕಾವ್ಯಕಂಠ ಗಣಪತಿ ಮುನಿಗಳು, 1907ರಲ್ಲಿ.

ದಿಂಡಿಗಲ್‌ನ ನಿದ್ದೆಯನ್ನು ಸಮಾಧಿಯ ಮುನ್ಸೂಚನೆ ಎಂದು ಹೇಳುವ ಭಕ್ತರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗಾಢವಾಗಿ ಮಲಗುವ ಮಕ್ಕಳು ಎಲ್ಲ ಮನೆಯಲ್ಲೂ ಇರುತ್ತಾರೆ. ಸ್ವತಃ ರಮಣರು 1940ರ ದಶಕದಲ್ಲಿ ಆಶ್ರಮದಲ್ಲಿ ಈ ಪ್ರಸಂಗ ಹೇಳಿದಾಗ ಅದರಲ್ಲಿ ಪವಾಡದ ಸೋಂಕೇ ಇರಲಿಲ್ಲ. ಆದರೂ ಈ ಸಾಧಾರಣ ಸಂಗತಿಯೊಳಗೆ ಒಂದು ಗಂಟು ಇದೆ. ಏಟು ತಿಂದ ದೇಹ ಅಲ್ಲಿತ್ತು, ಅದು ನನ್ನದು ಎನ್ನುವವನು ಇರಲಿಲ್ಲ. ಆದರೆ ಬೆಳಿಗ್ಗೆ ಎದ್ದ ಹುಡುಗ ‘ರಾತ್ರಿ ನಾನು ಇರಲೇ ಇಲ್ಲ’ ಎನ್ನುವುದಿಲ್ಲ, ‘ನನಗೆ ಗೊತ್ತಾಗಲಿಲ್ಲ’ ಎನ್ನುತ್ತಾನೆ. ಗೊತ್ತಾಗದೆ ಇದ್ದ ಆ ‘ನಾನು’ ಯಾವುದು?

ಅದು ಪ್ರಶ್ನೆಯಾಗಲು ಇನ್ನೂ ಐದು ವರ್ಷ ಬೇಕಾಯಿತು. 1896ರ ಜುಲೈ ನಡುಭಾಗ. ಮಧುರೈಯ ಚೊಕ್ಕಪ್ಪ ನಾಯಕ್ಕನ್ ಬೀದಿಯ ಮನೆ, ಮಹಡಿಯ ಕೋಣೆ. ಹದಿನಾರು ವರ್ಷದ ವೆಂಕಟರಾಮನ್ ಒಬ್ಬನೇ ಕೂತಿದ್ದ. ಜ್ವರವಿಲ್ಲ, ನೋವಿಲ್ಲ. ಇದ್ದಕ್ಕಿದ್ದಂತೆ ಈಗಲೇ ಸಾಯುತ್ತೇನೆ ಎಂಬ ಭಯ ಹಿಡಿಯಿತು. ಕೆಳಗೆ ಓಡಿ ಹಿರಿಯರನ್ನು ಕರೆಯಬಹುದಿತ್ತು, ವೈದ್ಯರನ್ನು ಕೇಳಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಸಾವು ಬಂದಿದ್ದರೆ ಬರಲಿ, ಸಾಯುವುದು ಏನು ಎಂದು ನೋಡಿಯೇ ಬಿಡೋಣ ಎಂದುಕೊಂಡ. ನೆಲದ ಮೇಲೆ ಹೆಣದಂತೆ ಮಲಗಿದ. ಕೈಕಾಲು ಸೆಟೆಸಿದ, ಉಸಿರು ಬಿಗಿಹಿಡಿದ, ಒಂದು ಸದ್ದೂ ಹೊರಡದಂತೆ ತುಟಿ ಮುಚ್ಚಿದ. ಈ ದೇಹ ಸತ್ತಿತು, ಇನ್ನು ಇದನ್ನು ಸುಡುತ್ತಾರೆ, ಬೂದಿಯಾಗುತ್ತದೆ. ಅದರೊಂದಿಗೆ ನಾನೂ ಸತ್ತೆನೇ? ಸೆಟೆದು ಬಿದ್ದ ದೇಹವನ್ನು ಅರಿಯುತ್ತಿದ್ದ ಒಂದು ಅರಿವು ಮಾತ್ರ ಎಳ್ಳಷ್ಟೂ ಕುಂದಿರಲಿಲ್ಲ. ಎದ್ದಾಗ ಭಯ ಹೋಗಿತ್ತು. ಮತ್ತೆಂದೂ ಬರಲಿಲ್ಲವೆಂದು ರಮಣರು ಹೇಳಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಅನುಭವವನ್ನು ನಾವೆಲ್ಲ ಓದುವುದು ಬಿ. ವಿ. ನರಸಿಂಹ ಸ್ವಾಮಿ 1931ರಲ್ಲಿ ಹೊರತಂದ ಇಂಗ್ಲಿಷ್ ಜೀವನಚರಿತ್ರೆಯ ಮೂಲಕ. ಸೇಲಂನ ವಕೀಲರಾಗಿದ್ದ ಅವರು ಹಲವು ಮಾತುಕತೆಗಳಿಂದ ಸಂಗ್ರಹಿಸಿದ್ದನ್ನು ಒಟ್ಟುಗೂಡಿಸಿ ‘ನಾನು’ ಎಂಬ ದನಿಯಲ್ಲಿ ಬರೆದರು; ಇವು ಯಥಾವತ್ ಮಾತುಗಳಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ಆದ್ದರಿಂದ ಅಲ್ಲಿನ ತರ್ಕದ ಓರಣ ವಕೀಲರದು. ಹುಡುಗನ ಬಳಿ ಅಷ್ಟು ಶಬ್ದಗಳೇ ಇರಲಿಲ್ಲ. ಅಮೆರಿಕನ್ ಮಿಷನ್ ಶಾಲೆಯ ಬೈಬಲ್ ಪಾಠ, ಮನೆಯಲ್ಲಿ ಸಿಕ್ಕ, ಶಿವಭಕ್ತರ ಕತೆಗಳ ಪೆರಿಯ ಪುರಾಣ, ಅವನ ಧಾರ್ಮಿಕ ಓದು ಹೆಚ್ಚುಕಡಿಮೆ ಇಷ್ಟೇ. ಬ್ರಹ್ಮ, ಸಂಸಾರ ಎಂಬ ಶಾಸ್ತ್ರದ ಮಾತುಗಳನ್ನು ಆಗಿನ್ನೂ ಕೇಳಿರಲಿಲ್ಲ. ತನಗಾದದ್ದಕ್ಕೆ ಗ್ರಂಥಗಳಲ್ಲಿ ಹೆಸರಿದೆ ಎಂದು ತಿಳಿದದ್ದು ವರ್ಷಗಳ ನಂತರ, ಮುಂದೆ ಅವನು ನೆಲೆಸಿದ ತಿರುವಣ್ಣಾಮಲೈಗೆ ಬಂದವರು ಪುಸ್ತಕ ಓದಿ ಹೇಳುವಾಗ. ಆತ್ಮಜ್ಞಾನದ ಕತೆಗಳಲ್ಲಿ ಸಾಮಾನ್ಯವಾಗಿ ಮೊದಲು ಗುರು, ಆಮೇಲೆ ಶಾಸ್ತ್ರ, ಕಡೆಗೆ ಅನುಭವ. ಇಲ್ಲಿ ಕ್ರಮ ತಿರುಗಾಮುರುಗಾ.

ಆ ಹೊತ್ತಿನಲ್ಲಿ ಮಧುರೈ ಸೀಮೆಗೆ ಇನ್ನೊಂದು ತಿರುವು ಬಂದಿತ್ತು. ಪಡುವಣಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಗೆ ಅಣೆ ಕಟ್ಟಿ, ಬೆಟ್ಟದೊಳಗೆ ಸುರಂಗ ಕೊರೆದು, ನೀರನ್ನು ಮೂಡಣಕ್ಕೆ ಕಂಬಂ ಕಣಿವೆಗೆ ಇಳಿಸಿದ್ದು 1895ರಲ್ಲಿ. ಕಂಬಂ, ತೇನಿ ಕಡೆಯ ಹೊಲಗದ್ದೆಗಳನ್ನು ತೋಯಿಸಿ ಅದು ವೈಗೈ ಸೇರಿ ಮಧುರೈ ಮುಟ್ಟುತ್ತದೆ. ಮಹಡಿಯ ಕೋಣೆಯಲ್ಲಿ ಆದದ್ದೂ ಇಂಥದೇ ತಿರುಗಿಸುವಿಕೆ: ಸದಾ ಹೊರಗೆ ಹರಿಯುವ ಗಮನವನ್ನು ಹುಡುಗ ಅದು ಬಂದ ದಿಕ್ಕಿಗೇ ತಿರುಗಿಸಿದ.

ಆರು ವಾರ ಕಳೆಯಿತು. ಆಗಸ್ಟ್ 29ರಂದು, ಶಾಲೆಯಲ್ಲಿ ಶಿಕ್ಷೆಯಾಗಿ ಕೊಟ್ಟ ಇಂಗ್ಲಿಷ್ ವ್ಯಾಕರಣದ ಪಾಠವನ್ನು ಎರಡು ಸಲ ನಕಲು ಮಾಡಿ, ಮೂರನೆಯದನ್ನು ಬಿಟ್ಟು ಕಣ್ಣು ಮುಚ್ಚಿ ಕೂತ. ಇಂಥವನಿಗೆ ಇದೆಲ್ಲ ಯಾಕೆ ಎಂದು ಅಣ್ಣ ರೇಗಿದ. ಅಣ್ಣನ ಕಾಲೇಜು ಫೀಜಿಗೆಂದು ಕೊಟ್ಟ ಐದು ರೂಪಾಯಿಯಲ್ಲಿ ಮೂರನ್ನು ತೆಗೆದುಕೊಂಡು, ಎರಡನ್ನು ಚೀಟಿಯ ಜೊತೆ ಇಟ್ಟು ಮನೆ ಬಿಟ್ಟ. ಆ ಚೀಟಿ ‘ನಾನು’ ಎಂದು ಶುರುವಾಗುತ್ತದೆ, ನಡುವೆ ಬರೆದವನು ‘ಇದು’ ಆಗುತ್ತಾನೆ, ಸಹಿಯ ಜಾಗದಲ್ಲಿ ಬರೀ ಒಂದು ಗೆರೆ. ಮಧುರೈಯಿಂದ ಉತ್ತರಕ್ಕೆ ಹೊರಟ ಅಂದಿನ ರೈಲು ದಿಂಡಿಗಲ್ ದಾಟಿಯೇ ತಿರುಚ್ಚಿ ಸೇರಬೇಕಿತ್ತು. ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈ ತಲುಪಿದ. ಮುಂದಿನ ಸುಮಾರು 54 ವರ್ಷ ಆ ಊರು ಬಿಡಲಿಲ್ಲ.

ಸ್ವಂತ ಅನುಭವ ಎಷ್ಟು ದೊಡ್ಡದಾದರೂ ಅದು ಒಬ್ಬನ ಸೊತ್ತು. ಅದನ್ನು ಇತರರೂ ಮಾಡಿ ನೋಡುವಂತೆ ಹೊರಗೆ ತಂದ ಶ್ರೇಯಸ್ಸಿನಲ್ಲಿ ಅರ್ಧ ಶಿವಪ್ರಕಾಶಂ ಪಿಳ್ಳೈ ಅವರದು. ತತ್ತ್ವಶಾಸ್ತ್ರ ಓದಿ ಕಂದಾಯ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಪಿಳ್ಳೈ 1902ರ ಸುಮಾರಿಗೆ ರಮಣರಿದ್ದ ವಿರೂಪಾಕ್ಷ ಗುಹೆಗೆ ಬಂದು ಒಂದೊಂದಾಗಿ ಪ್ರಶ್ನೆ ಕೇಳಿದರು. ರಮಣರು ಆಗ ಮಾತಾಡುತ್ತಿರಲಿಲ್ಲ. ಮರಳಿನ ಮೇಲೆ, ಸ್ಲೇಟಿನ ಮೇಲೆ ಉತ್ತರ ಬರೆದರು. 1923ರಲ್ಲಿ ಅವು ‘ನಾನ್ ಯಾರ್?’ ಎಂದು ಅಚ್ಚಾದವು. ಅಲ್ಲಿನ ವಿಧಾನ ಸರಳ. ಯಾವ ಯೋಚನೆ ಎದ್ದರೂ ಅದು ಯಾರಿಗೆ ಎಂದು ಕೇಳಬೇಕು. ನನಗೆ ಎಂದು ತೋಚುತ್ತದೆ. ಆ ನಾನು ಯಾರು ಎಂದು ಅದರ ಮೂಲಕ್ಕೆ ಹೋಗಬೇಕು. ಬಾಯಿಪಾಠದ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲ.

ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಇದೇ ‘ನಾನು’ ಯಾವುದೆಂದು 1739ರಲ್ಲೇ ಒಳಗೆ ಇಣುಕಿ, ಬಿಸಿ, ತಣ್ಣನೆ, ಪ್ರೀತಿ, ದ್ವೇಷ ಇಂಥವೇ ಸಿಕ್ಕವು, ‘ನಾನು’ ಎಂಬುದು ಸಿಗಲಿಲ್ಲ ಎಂದು ಬರೆದ. ಪ್ರಾಮಾಣಿಕ ವರದಿ. ಆದರೆ ಇಣುಕಿದವನು ಯಾರು ಎಂದು ಅವನು ತಿರುಗಿ ನೋಡಲಿಲ್ಲ. 1977ರಲ್ಲಿ ನಿಸ್ಬೆಟ್ ಮತ್ತು ವಿಲ್ಸನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಇನ್ನೊಂದು ತುದಿಯಿಂದ ಪೆಟ್ಟು ಕೊಟ್ಟರು. ಅಂಗಡಿಯಲ್ಲಿ ಒಂದೇ ಥರದ ನಾಲ್ಕು ಜೊತೆ ಕಾಲುಚೀಲ ಸಾಲಾಗಿಟ್ಟು ಒಳ್ಳೆಯದನ್ನು ಆರಿಸಿ ಎಂದರೆ, ಜನ ಬಲತುದಿಯದನ್ನೇ ಹೆಚ್ಚಾಗಿ ಆರಿಸಿದರು. ಯಾಕೆಂದು ಕೇಳಿದರೆ ಇಟ್ಟ ಜಾಗದ ಮಾತು ಯಾರೂ ಎತ್ತಲಿಲ್ಲ. ನಮ್ಮ ಆಯ್ಕೆಗೆ ನಾವು ಕೊಡುವ ಕಾರಣಗಳು ಎಷ್ಟೋ ಸಲ ಕಟ್ಟುಕತೆ. ಜಗಳ, ಹಟ, ತೀರ್ಪು ಎಲ್ಲವನ್ನೂ ಈ ಕತೆಗಾರ ‘ನಾನು’ವಿನ ಮಾತು ನಂಬಿಯೇ ಮಾಡುತ್ತೇವೆ. ತನ್ನನ್ನು ತಿಳಿಯುವುದು ಸನ್ಯಾಸಿಗಳ ಹವ್ಯಾಸವಲ್ಲ ಎನ್ನಲು ನನಗೆ ಇಷ್ಟು ಸಾಕು.

ಕನ್ನಡ ನಾಡಿನಿಂದಲೂ ಒಬ್ಬರು ಹೋಗಿ ರಮಣರನ್ನು ನೇರವಾಗಿ ಕೇಳಿದ್ದರು. ಗೋಕರ್ಣದ ದೈವರಾತರು, ಗಣಪತಿ ಮುನಿಗಳ ಶಿಷ್ಯರು. ಮನುಷ್ಯ ಮಾಡಬೇಕಾದ ಕೆಲಸಗಳಲ್ಲಿ ಮುಖ್ಯವಾದದ್ದು ಯಾವುದು ಎಂಬ ಅವರ ಪ್ರಶ್ನೆ 18 ಅಧ್ಯಾಯಗಳ ‘ರಮಣ ಗೀತೆ’ಯ ಮೂರನೆಯ ಅಧ್ಯಾಯದಲ್ಲಿದೆ. ತನ್ನ ನಿಜಸ್ವರೂಪ ಕಂಡುಕೊಳ್ಳುವುದು, ಉಳಿದ ಕೆಲಸಗಳೂ ಅವುಗಳ ಫಲವೂ ನಿಂತಿರುವುದು ಅದರ ಮೇಲೆ ಎಂಬುದು ಉತ್ತರದ ಸಾರ.

ಪಿಳ್ಳೈ ಅವರ ಪುಸ್ತಿಕೆ ‘ನಾನು ಯಾರು?’ ಎಂದು ಕನ್ನಡದಲ್ಲೂ ಇದೆ, ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು. ಮೊದಲ ಸಲ ಓದುವಾಗ ಉತ್ತರಗಳನ್ನು ಕೈಯಿಂದ ಮುಚ್ಚಿ, ಪ್ರಶ್ನೆಗಳನ್ನಷ್ಟೇ ಓದಿ.