ಶಿಬಿರದ ದೆವ್ವಗಳು

ಶಾಲೆಯ ಮಕ್ಕಳಿಗೆ ಬೇಸಿಗೆಯ ರಜೆ ಉಂಟು. ನಮ್ಮಂತಹ ಗುಮಾಸ್ತರಿಗೂ ಅರ್ಜಿ ಹಾಕಿದರೆ ನಾಲ್ಕು ದಿನ ಸಿಕ್ಕೀತು. ದೆವ್ವಗಳಿಗೆ ಮಾತ್ರ ಆ ಸೌಕರ್ಯವಿದ್ದಂತಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅವುಗಳಿಗೆ ಕೈತುಂಬ ಕೆಲಸ. ಮುಂಬಯಿ, ಪುಣೆ, ಹೈದರಾಬಾದುಗಳ ನಮ್ಮ ಮಕ್ಕಳು ಹಳ್ಳಿಗಾಡಿನ ಬೇಸಿಗೆ ಶಿಬಿರಕ್ಕೆ ಹೋಗುತ್ತಾರಷ್ಟೆ. ಮೊದಲನೆಯ ರಾತ್ರಿಯೇ ಹಿರಿಯ ಹುಡುಗನೊಬ್ಬ ದನಿ ತಗ್ಗಿಸಿ, "ಆ ಹಾಳು ಬಾವಿಯ ಹತ್ತಿರ ಹೋಗಬೇಡಿ, ಅಲ್ಲಿ ಒಬ್ಬಳಿದ್ದಾಳೆ" ಎನ್ನುತ್ತಾನೆ. ಆಮೇಲೆ ಶಿಬಿರ ಮುಗಿಯುವವರೆಗೆ ಯಾರೂ ಆ ಕಡೆ ತಲೆಹಾಕಿ ಮಲಗುವುದಿಲ್ಲ. ಸಂಬಳವಿಲ್ಲದ ಕಾವಲುಗಾರ್ತಿ!

ಇದು ನಮ್ಮ ದೇಶಕ್ಕೇ ಮೀಸಲಾದ ಸಂಗತಿಯಲ್ಲ. ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ 1861ರಲ್ಲಿ ಫ್ರೆಡರಿಕ್ ಗನ್ ಎಂಬ ಉಪಾಧ್ಯಾಯರು ತಮ್ಮ ಶಾಲೆಯ ಹುಡುಗರನ್ನು ಸಮುದ್ರತೀರಕ್ಕೆ ಕರೆದೊಯ್ದು ಬಿಡಾರ ಹೂಡಿದರು. ಅಲ್ಲಿಯ ಬೇಸಿಗೆ ಶಿಬಿರಗಳಿಗೆ ಅದೇ ನಾಂದಿಯೆಂದು ಹೇಳುತ್ತಾರೆ. ಮುಂದೆ ನ್ಯೂಯಾರ್ಕ್ ಪ್ರಾಂತದ ಶಿಬಿರಗಳಲ್ಲಿ ಕ್ರಾಪ್ಸಿ ಎಂಬವನೊಬ್ಬ ಖಾಯಂ ನಿವಾಸಿಯಾದ. ಅವನು ಮೊದಲು ಊರಿನ ಗೌರವಸ್ಥ. ಶಿಬಿರದವರ ಅಜಾಗ್ರತೆಯಿಂದ ಅವನ ಮಗು ಸತ್ತಿತು. ದುಃಖದಿಂದ ಬುದ್ಧಿ ಕೆಟ್ಟು, ಸೇಡು ತೀರಿಸಿಕೊಳ್ಳಲು ಕಾಡಿನಲ್ಲಿ ತಿರುಗುತ್ತಾನೆ. ಕಥೆಯ ಸಾರ ಇಷ್ಟೇ. ಲೀ ಹೇರಿಂಗ್ ಮತ್ತು ಮಾರ್ಕ್ ಬ್ರೆಸ್ಲರ್ಮನ್ ಎಂಬಿಬ್ಬರು 1977ರಲ್ಲಿ ಈ ಕಥೆಯನ್ನು ಕುರಿತು ಜಾನಪದ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಹೇಳುವವರು ಶಿಬಿರದ ಹಿರಿಯರು. ಕೇಳುವವರು ಕಾಡಿನ ಕತ್ತಲೆ ಕಂಡರಿಯದ ಪಟ್ಟಣದ ಹುಡುಗರು. ಕಥೆ ಕೇಳಿದವರು ರಾತ್ರಿ ಹಾಸಿಗೆ ಬಿಟ್ಟು ಅಲೆದಾಡುವುದಿಲ್ಲವೆಂಬುದೇ ಲಾಭ.

ನಮ್ಮ ಅಜ್ಜಿಯರೂ ಇದನ್ನೇ ಮಾಡಿದರಲ್ಲವೆ? ಕೆಸರುಗದ್ದೆಗೆ ಕೊಳ್ಳಿದೆವ್ವ, ಹುಣಿಸೆಯ ತೋಪಿಗೆ ಮೋಹಿನಿ; ಒಂದೊಂದು ಅಪಾಯದ ಗಡಿಗೆ ಒಂದೊಂದು ಕಲ್ಲು ನೆಟ್ಟ ಹಾಗೆ. ಕನ್ನಡಿಗರು ದೆವ್ವವನ್ನು ಸಾಗಹಾಕುವ ಉಪಾಯವನ್ನೂ ಕಂಡುಹಿಡಿದಿದ್ದಾರೆ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ "ನಾಳೆ ಬಾ" ಎಂಬ ಬರಹ ಕಾಣಿಸಿಕೊಂಡಿತು. ಬಂದದ್ದು ಅದನ್ನು ಓದಿಕೊಂಡು ಮರುದಿನ ಬರಬೇಕು; ಮರುದಿನವೂ ಅದನ್ನೇ ಓದಬೇಕು. ಕಚೇರಿಯಲ್ಲಿ ಕೆಲಸ ಮಾಡುವ ನಮಗೆ ಈ ವಿದ್ಯೆ ಹೊಸದಲ್ಲ.

ಇನ್ನು, "ನಾನೇ ಕೇಳಿದೆ, ನನ್ನ ಮೇಲೇ ಕೂತಿತ್ತು" ಎನ್ನುವ ಮಕ್ಕಳಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹಗಲೆಲ್ಲ ಕಾದ ತಗಡಿನ ಸೂರು ರಾತ್ರಿ ತಣ್ಣಗಾಗಿ ಕುಗ್ಗುವಾಗ ಟಕ್ಕೆಂದು ಸದ್ದು ಮಾಡುತ್ತದೆ. ಮಾಡಿನ ಮೇಲೆ ನಡೆದಾಡುವುದು ಪುನುಗುಬೆಕ್ಕಾಗಿರಬಹುದು. ಕಣಜಗೂಬೆಯ ಚೀರಾಟವಂತೂ ಗಟ್ಟಿ ಎದೆಯವರನ್ನೂ ಬೆಚ್ಚಿಬೀಳಿಸುತ್ತದೆ. ಕನಸು ಬೀಳುವ ನಿದ್ರೆಯಲ್ಲಿ ನಮ್ಮ ಕೈಕಾಲುಗಳ ಸ್ನಾಯುಗಳು ಸಡಿಲವಾಗಿರುತ್ತವೆ. ಒಮ್ಮೊಮ್ಮೆ ಮನಸ್ಸು ಮೊದಲು ಎಚ್ಚರಗೊಂಡು ದೇಹ ಏಳದೆ ಉಳಿಯುತ್ತದೆ. ಎದೆಯ ಮೇಲೆ ಯಾರೋ ಕೂತಂತೆ, ಕೂಗಲು ಹೋದರೆ ದನಿ ಹೊರಡದಂತೆ ಆಗುವುದು ಆಗಲೇ. ಹೊಸ ಜಾಗದಲ್ಲಿ ನಿದ್ದೆಗೆಟ್ಟ ಮಕ್ಕಳಿಗೆ ಇದಾದರೆ ಆಶ್ಚರ್ಯವಿಲ್ಲ.

ಇಷ್ಟಕ್ಕೇ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಕ್ರಾಪ್ಸಿಯ ಕಥೆಗೆ ಮತ್ತೊಂದು ಮುಖವಿದೆ. ನ್ಯೂಯಾರ್ಕ್ ನಗರಕ್ಕೆ ಸೇರಿದ ಸ್ಟೇಟನ್ ದ್ವೀಪದಲ್ಲಿಯೂ ಮಕ್ಕಳು ಇದೇ ಹೆಸರನ್ನು ಹೇಳಿ ಒಬ್ಬರನ್ನೊಬ್ಬರು ಹೆದರಿಸಿಕೊಳ್ಳುತ್ತಿದ್ದರು. ಅದೇ ದ್ವೀಪದಲ್ಲಿ ಮಕ್ಕಳು ನಿಜವಾಗಿ ಕಾಣೆಯಾದರು. 1987ರಲ್ಲಿ ಕಾಣೆಯಾದ ಹುಡುಗಿಯೊಬ್ಬಳ ಅಪಹರಣಕ್ಕಾಗಿ, ಅಲ್ಲಿನ ಸಂಸ್ಥೆಯೊಂದರಲ್ಲಿ ಹಿಂದೆ ನೌಕರಿಯಲ್ಲಿದ್ದ ಒಬ್ಬನಿಗೆ ಮರುವರ್ಷ ಶಿಕ್ಷೆಯಾಯಿತು. ಕ್ರಾಪ್ಸಿ ಎಂಬ ಹೆಸರಿನಲ್ಲಿಯೇ 2009ರಲ್ಲಿ ಈ ಬಗ್ಗೆ ಸಾಕ್ಷ್ಯಚಿತ್ರ ಬಂದಿತು. ಅಲ್ಲಿ ಮಕ್ಕಳನ್ನು ಕಾಡಿದ್ದು ಭೂತವಲ್ಲ, ಮನುಷ್ಯ.

ಆದಕಾರಣ ವಾಚಕ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ದೆವ್ವದ ಕಥೆಯನ್ನು ನಿಲ್ಲಿಸುವುದು ಬೇಡ. ಬೆಂಕಿಯ ಸುತ್ತ ಕೂತು ಹೆದರುವುದರಲ್ಲಿ ಒಂದು ಸುಖವಿದೆ. ಆದರೆ ಬಾವಿಯ ಮಾತು ಬಂದಾಗ ಬಾವಿ ಆಳವಾಗಿದೆ, ಕಟ್ಟೆ ಕುಸಿದಿದೆ ಎಂದೇ ಹೇಳೋಣ. ದೆವ್ವವನ್ನು ನಂಬದ ಧೈರ್ಯವಂತ ಹುಡುಗನೇ ಮೊದಲು ಬಾವಿಗೆ ಇಣುಕುವವನು! ಶಿಬಿರಕ್ಕೆ ಕಳುಹಿಸುವ ಮುನ್ನ ರಾತ್ರಿ ಮಕ್ಕಳ ಬಳಿ ಯಾರು ಮಲಗುತ್ತಾರೆ, ಶೌಚಕ್ಕೆ ಏಳಬೇಕಾದರೆ ದೀಪವಿದೆಯೇ, ಜೊತೆಗೆ ಯಾರು ಬರುತ್ತಾರೆ ಎಂದು ವಿಚಾರಿಸಿಕೊಳ್ಳೋಣ.

ಮಗು ಮನೆಗೆ ಬಂದು, "ಅಮ್ಮಾ, ರಾತ್ರಿ ಯಾರೋ ಬಂದಿದ್ದರು" ಎಂದರೆ ನಕ್ಕುಬಿಡುವುದೂ ಬೇಡ, ಓಡಿಹೋಗಿ ತಾಯಿತ ಕಟ್ಟಿಸುವುದೂ ಬೇಡ. ಹತ್ತಿರ ಕೂರಿಸಿಕೊಂಡು, ಯಾರು ಬಂದರು, ಏನು ಮಾಡಿದರು ಎಂದು ಸಮಾಧಾನವಾಗಿ ಕೇಳಬೇಕು. ಹತ್ತರಲ್ಲಿ ಒಂಬತ್ತು ಸಲ ಅದು ಪುನುಗುಬೆಕ್ಕೇ ಇರಲಿ. ಹತ್ತನೆಯ ಸಲಕ್ಕಾಗಿ ಒಂಬತ್ತು ಸಲವೂ ಕೇಳಬೇಕು. ಬೆಕ್ಕೇ ಎಂದು ತಿಳಿದ ಮೇಲೆ, ನಮ್ಮೂರಿನ ಕೊಳ್ಳಿದೆವ್ವದ ಕಥೆಯನ್ನು ನಾವೂ ಒಂದು ಹೇಳೋಣ. ಪರಊರಿನಲ್ಲಿ ಬೆಳೆಯುವ ಮಕ್ಕಳು ಕಿವಿ ನಿಮಿರಿಸಿ ಕನ್ನಡ ಕೇಳುವ ಸಮಯ ಅದಕ್ಕಿಂತ ಬೇರೆ ಯಾವುದಿದೆ?