ತರಗತಿಯ ಕಪಾಟಿಗೆ ಎಂತಹ ಕಾದಂಬರಿ?

ಗಡಿನಾಡಿನ ಮಗುವಿಗೆ ಪಠ್ಯಪುಸ್ತಕದಾಚೆ ಕನ್ನಡ ದೊರೆಯುವ ಎಡೆಗಳು ವಿರಳ. ಆದುದರಿಂದ ಐದರಿಂದ ಏಳನೆಯ ತರಗತಿಯವರೆಗಿನ ಕಪಾಟಿಗೆ ಕಾದಂಬರಿಗಳನ್ನು ಆಯುವಾಗ ಗ್ರಂಥಕರ್ತರ ಕೀರ್ತಿಯೊಂದನ್ನೇ ನೆಚ್ಚಲಾಗದು; ಮಗುವಿನ ವಯಸ್ಸನ್ನೂ ಪರಿಸರವನ್ನೂ ಗಮನಿಸಬೇಕು.

ಕಾಸರಗೋಡಿನ ಮಕ್ಕಳು ಬೇಕಲ ಕೋಟೆಯನ್ನು ಬಲ್ಲರು. ಅದನ್ನು ಕಟ್ಟಿಸಿದವರು ಇಕ್ಕೇರಿಯ ನಾಯಕರು. ಆ ಸಂಸ್ಥಾನದ ಕೊನೆಗಾಲವನ್ನು ಮಾಸ್ತಿಯವರ ‘ಚೆನ್ನಬಸವ ನಾಯಕ’ ಚಿತ್ರಿಸುತ್ತದೆ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದದ್ದು ಇತಿಹಾಸ. ಪಾತ್ರಗಳ ಮಾತುಕತೆ ಕಲ್ಪನೆ. ಈ ಭೇದವನ್ನರಿಯುವುದೇ ಐತಿಹಾಸಿಕ ಕಾದಂಬರಿಯ ಮೊದಲ ಪಾಠ. ದೊಡ್ಡವರಿಗಾಗಿ ಬರೆದ ಕೃತಿಯಾದುದರಿಂದ ಆಯ್ದ ಭಾಗಗಳನ್ನು ಉಪಾಧ್ಯಾಯರೇ ಓದಿ ಹೇಳುವುದು ಲೇಸು.

ವಿಜ್ಞಾನದ ಕುತೂಹಲವನ್ನು ಕಲ್ಪನೆಯೊಡನೆ ಹೆಣೆದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಏಳನೆಯ ತರಗತಿಗೆ ಒಪ್ಪುವಂಥದು. ಅದರಲ್ಲಿ ಅರಸುವ ಹಾರುವ ಓತಿ ಕಥೆಯದು. ಅದರ ಬಂಧುವಾದ ನಿಜವಾದ ಓತಿ ನಮ್ಮ ಅಡಿಕೆ ತೋಟಗಳಲ್ಲಿಯೇ ಇದೆ. ಅದು ಪಕ್ಕೆಲುಬುಗಳ ಆಧಾರದ ತೊಗಲನ್ನು ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ಪುಸ್ತಕವನ್ನೋದಿದ ಮಗು ತೋಟದಲ್ಲಿ ಕತ್ತೆತ್ತಿ ನೋಡಿತೆಂದರೆ ಆಯ್ಕೆ ಸಾರ್ಥಕ.

ಕಪಾಟಿಗೆ ಬೀಗ ಹಾಕದೆ ಪುಸ್ತಕಗಳನ್ನು ಮನೆಗೂ ಕೊಡಬೇಕು. ಹಿರಿಯರೂ ಜೊತೆಗೆ ಓದಿದರೆ ಮಗುವಿನ ಕನ್ನಡಕ್ಕೆ ಮನೆಯ ಬಲವೂ ಒದಗುವುದು.